ಬೇಜಾರನ್ನೂ ಕನ್ನಡದಲ್ಲೇ ಬರೆಯೋಣ

ಸಂಪಾದಕರಿಗೆ ನಮಸ್ಕಾರ.

ಕನ್ನಡದಲ್ಲೇ ಮಾತಾಡುವ, ಕನ್ನಡದಲ್ಲೇ ನಗುವ, ಎದುರಿಗೆ ನಿಂತರೆ ಕನ್ನಡದಲ್ಲೇ ಜೋರಾಗಿ ಜಗಳವನ್ನೂ ಆಡುವ ನಮ್ಮ ಜನ, ಬರವಣಿಗೆಯಲ್ಲಿ ಒಂಚೂರು ಬೇಜಾರು ತೋರಿಸಬೇಕು ಅಂದ ಕೂಡಲೇ ಯಾಕೆ ಇಂಗ್ಲಿಷಿಗೆ ಹಾರುತ್ತಾರೆ? ದೊಡ್ಡ ಸಿಟ್ಟಿನ ಮಾತಲ್ಲ ಇದು. ದೊಡ್ಡ ಸಿಟ್ಟು ಬಂದಾಗ ಎಲ್ಲರಿಗೂ ಮನೆಮಾತೇ ಬಾಯಿಗೆ ಬರುತ್ತದೆ. ನಾನು ಹೇಳುತ್ತಿರುವುದು ಸಣ್ಣ ಕಿರಿಕಿರಿಯ ವಿಷಯ. ಹೇಳಿದ ಕೆಲಸ ಆಗಿಲ್ಲ. ಕಳಿಸಿದ ಮೇಲ್‌ಗೆ ಉತ್ತರ ಬಂದಿಲ್ಲ. ಗೇಟಿನ ಮುಂದೆ ಯಾರೋ ಬೈಕ್ ನಿಲ್ಲಿಸಿ ಹೋಗಿದ್ದಾರೆ. ನಿನ್ನೆ ಉತ್ತರ ಕೊಟ್ಟ ಪ್ರಶ್ನೆಯನ್ನೇ ಇವತ್ತು ಮತ್ತೆ ಕೇಳಿದ್ದಾರೆ. ಇಂಥ ಕಡೆಯೆಲ್ಲ ನೋಡಿ, ‘ಜೆಂಟಲ್ ರಿಮೈಂಡರ್’ ಬರುತ್ತದೆ, ‘ಆ್ಯಸ್ ಪರ್ ಮೈ ಲಾಸ್ಟ್ ಮೇಲ್’ ಬರುತ್ತದೆ, ‘ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್’, ‘ವಿತ್ ಡ್ಯೂ ರೆಸ್ಪೆಕ್ಟ್’, ‘ನೋಟೆಡ್’, ‘ಸೀರಿಯಸ್ಲಿ?’ ಎಲ್ಲವೂ ಸಾಲಾಗಿ ಬರುತ್ತವೆ.

ಇಡೀ ಸಂದೇಶ ಕನ್ನಡದಲ್ಲಿರುತ್ತದೆ, ಚುಚ್ಚುವ ಒಂದು ಸಾಲು ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದು ದಿನಾ ಕಾಣುತ್ತದೆ, ನಿಮ್ಮ ಕಡೆಯೂ ಹೀಗೇ ಇರಬೇಕು. ಹಬ್ಬದ ಶುಭಾಶಯ ಕನ್ನಡದಲ್ಲಿ. ನೀರು ಎಷ್ಟೊತ್ತಿಗೆ ಬಿಡುತ್ತಾರೆ ಅನ್ನುವುದು ಕನ್ನಡದಲ್ಲಿ. ಯಾರದೋ ಮನೆಯಲ್ಲಿ ಸಾವಾದರೆ ಸಾಂತ್ವನ ಕನ್ನಡದಲ್ಲಿ. ಆದರೆ ಹಸಿ ಕಸ ಒಣ ಕಸ ಬೆರೆಸಿ ಮೂಲೆಯಲ್ಲಿ ಯಾರೋ ಎಸೆದರು ಅಂದುಕೊಳ್ಳಿ, ತಕ್ಷಣ ಒಬ್ಬರು ‘ಕೈಂಡ್ಲಿ ನೋಟ್, ದಿಸ್ ಈಸ್ ನಾಟ್ ಅಕ್ಸೆಪ್ಟಬಲ್’ ಅಂತ ಹಾಕುತ್ತಾರೆ. ಅದಕ್ಕೆ ಇನ್ನೊಬ್ಬರು ‘ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್, ಅದು ನಮ್ಮನೆ ಕಸ ಅಲ್ಲ’ ಅನ್ನುತ್ತಾರೆ. ಮೂರನೆಯವರು ‘ಲೆಟ್ಸ್ ಬಿ ಸಿವಿಲ್ ಪ್ಲೀಸ್’ ಅಂತ ಬಂದು ಸೇರಿಕೊಳ್ಳುತ್ತಾರೆ. ಈ ಮೂವರೂ ಬೆಳಗ್ಗೆ ಪಾರ್ಕಿನಲ್ಲಿ ಸಿಕ್ಕರೆ ‘ಏನ್ರೀ, ಕಾಫಿ ಆಯ್ತಾ’ ಅಂತ ಮಾತಾಡಿಸುವವರೇ. ಅದೇ ಕಸದ ವಿಷಯ ಅಲ್ಲೇ ಎದ್ದಿದ್ದರೆ ಎರಡು ನಿಮಿಷದಲ್ಲಿ ಮುಗಿದು ಹೋಗುತ್ತಿತ್ತು. ಗ್ರೂಪಿನಲ್ಲಿ ಮಾತ್ರ ಅದು ವಾರಗಟ್ಟಲೆ ಹೊಗೆಯಾಡುತ್ತದೆ.

ನನಗೆ ಇಂಗ್ಲಿಷಿನ ಮೇಲೆ ಯಾವ ದ್ವೇಷವೂ ಇಲ್ಲ. ಬಸ್ಸು, ಟಿಕೆಟ್ಟು, ಆಫೀಸು, ಮೊಬೈಲು ಎಲ್ಲ ನಮ್ಮವೇ ಆಗಿವೆ, ಅವು ಬಂದಿದ್ದರಿಂದ ಕನ್ನಡ ಕೆಟ್ಟಿತು ಅಂತ ಅಳುವವನು ನಾನಲ್ಲ. ನನ್ನ ತಕರಾರು ಬೇರೆ. ಈ ಇಂಗ್ಲಿಷ್ ಸಾಲುಗಳು ಬೇಜಾರನ್ನು ಹೇಳುವುದಿಲ್ಲ, ವಿನಯದ ಬಟ್ಟೆ ತೊಡಿಸಿ ಮುಚ್ಚಿಡುತ್ತವೆ. ಮುಚ್ಚಿಟ್ಟ ಬೇಜಾರಿಗೆ ಎದುರಿನವರು ಉತ್ತರ ಕೊಡುವ ಹಾಗಿಲ್ಲ. ‘ಯಾಕ್ರೀ ಸಿಟ್ಟು?’ ಅಂತ ಕೇಳಿದರೆ, ‘ನಾನೆಲ್ಲಿ ಸಿಟ್ಟು ಮಾಡಿದೆ, ಜೆಂಟಲ್ ಅಂತಲೇ ಬರೆದಿದ್ದೀನಲ್ಲ’ ಅನ್ನುತ್ತಾರೆ. ಮಾತು ಅಲ್ಲಿಗೆ ನಿಂತು ಹೋಗುತ್ತದೆ. ಕೆಲಸವೂ ಆಗುವುದಿಲ್ಲ, ಮನಸ್ಸೂ ಹಗುರಾಗುವುದಿಲ್ಲ.

ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರಿಗೂ ಈ ಸಾಲುಗಳು ಹಿಡಿಸುವುದಿಲ್ಲ. 2018ರಲ್ಲಿ ಅಡೋಬಿ ಕಂಪನಿ ಅಮೆರಿಕದ ಉದ್ಯೋಗಿಗಳ ನಡುವೆ ಒಂದು ಸಮೀಕ್ಷೆ ನಡೆಸಿ, ಆಫೀಸಿನ ಮೇಲ್‌ಗಳಲ್ಲಿ ನಿಮಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಸಾಲು ಯಾವುದು ಅಂತ ಕೇಳಿತ್ತು. ‘ನನ್ನ ಹಿಂದಿನ ಮೇಲ್ ನೀವು ನೋಡಿದಿರೋ ಇಲ್ಲವೋ ಗೊತ್ತಾಗಲಿಲ್ಲ’ ಅನ್ನುವ ಅರ್ಥದ ಸಾಲು ಮೊದಲ ಜಾಗದಲ್ಲಿ ನಿಂತಿತು. ‘ಪರ್ ಮೈ ಲಾಸ್ಟ್ ಇಮೇಲ್’ ಕೂಡ ಮೇಲಿನ ಸಾಲಿನಲ್ಲೇ ಇತ್ತು. ಓದಿದರೆ ಎಷ್ಟು ಸಾಧುವಾದ ಮಾತು ಅನ್ನಿಸುತ್ತದೆ ಅಲ್ವಾ? ಆದರೆ ಅಲ್ಲಿನವರಿಗೆ ಗೊತ್ತು, ಅದರೊಳಗೆ ‘ಎಷ್ಟು ಸಲ ಹೇಳಬೇಕು ನಿನಗೆ’ ಅನ್ನುವುದು ಕೂತಿದೆ. ಅವರಿಗೇ ಬೇಡವಾದ ಈ ಅಭ್ಯಾಸವನ್ನು ನಾವು ಅವರ ಆಫೀಸುಗಳಿಂದ ಎತ್ತಿಕೊಂಡು ಬಂದು ನಮ್ಮ ಸಂಘದ ಗ್ರೂಪಿಗೆ, ಮಕ್ಕಳ ಶಾಲೆಯ ಗ್ರೂಪಿಗೆ, ಕೊನೆಗೆ ಅಣ್ಣತಮ್ಮಂದಿರ ಗ್ರೂಪಿಗೂ ಹಾಕಿಕೊಂಡಿದ್ದೇವೆ.

‘ವಿತ್ ಡ್ಯೂ ರೆಸ್ಪೆಕ್ಟ್’ ಅನ್ನುವುದರ ಕಥೆ ಇನ್ನೂ ಬೇಜಾರಿನದು. ನಮ್ಮ ಕಾಲದವರು ಶಾಲೆಯಲ್ಲಿ ರಜೆಯ ಅರ್ಜಿ ಬರೆಯಲು ಕಲಿತಿದ್ದೇ ಈ ಸಾಲಿನಿಂದ. ‘ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್’ ಅಂತ ಬಾಯಿಪಾಠ ಮಾಡಿಸುತ್ತಿದ್ದರು. ಅದನ್ನು ಬರೆಯುವಾಗ ನಿಜಕ್ಕೂ ಗೌರವವೇ ಇರುತ್ತಿತ್ತು. ಈಗ ಹೊರದೇಶದ ಕ್ಲೈಂಟುಗಳ ಜೊತೆ ಕೆಲಸ ಮಾಡಿದ ಹುಡುಗರು ಅದೇ ಸಾಲನ್ನು ಓದಿ ‘ಇವರು ನನ್ನ ಮಾತು ತಪ್ಪು ಅಂತ ಹೇಳಲು ಹೊರಟಿದ್ದಾರೆ’ ಅಂತ ಮುಖ ಗಂಟು ಹಾಕಿಕೊಳ್ಳುತ್ತಾರೆ. ಅಲ್ಲಿ ಅದಕ್ಕೆ ಇರುವ ಬಳಕೆಯೇ ಹಾಗೆ, ಎದುರಿನವರ ಮಾತನ್ನು ಅಲ್ಲಗಳೆಯುವ ಮುಂಚೆ ಹೇಳುವ ಸಾಲು ಅದು. ‘ಕೈಂಡ್ಲಿ’ಗೂ ಇದೇ ಗತಿ. ಹಿರಿಯರು ಮರ್ಯಾದೆಗೆ ಅಂತ ಬರೆದದ್ದು ಕಿರಿಯರಿಗೆ ಗದರಿಕೆಯ ಹಾಗೆ ಕಾಣುತ್ತದೆ. ಕಿರಿಯರು ಕೆಲಸ ಮುಗಿಯಿತು ಅಂತ ‘ನೋಟೆಡ್’ ಅಂತ ಒಂದೇ ಪದ ಹಾಕಿದರೆ ಹಿರಿಯರಿಗೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಅನ್ನಿಸುತ್ತದೆ. ಇಬ್ಬರೂ ಕನ್ನಡದವರು. ಇಬ್ಬರಲ್ಲೂ ಕೆಟ್ಟ ಮನಸ್ಸಿಲ್ಲ. ಇಬ್ಬರ ಇಂಗ್ಲಿಷು ಮಾತ್ರ ಬೇರೆ ಬೇರೆ ಊರಿನಿಂದ ಬಂದದ್ದು.

‘ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್’ ಮಾತ್ರ ಹೆಚ್ಚಾಗಿ ನಮ್ಮ ಕಡೆಯದೇ. ಕಚೇರಿಯ ಪತ್ರದಲ್ಲಿ ಮೇಲಿನವರಿಗೆ ವಿನಯದಿಂದ ವಿಷಯ ತಿಳಿಸುವ ಸಾಲು ಅದು. ಕನ್ನಡದ ಪತ್ರದಲ್ಲಿ ‘ತಮ್ಮ ಅವಗಾಹನೆಗಾಗಿ’ ಅಂತ ಬರೆಯುವ ಜಾಗ. ಅದು ಬೀದಿಗೆ ಹೇಗೆ ಬಂತೋ, ಈಗ ಬಸ್ಸಿನಲ್ಲಿ ಸೀಟಿನ ಜಗಳದಲ್ಲೂ ಕೇಳುತ್ತದೆ. ಆ ನಾಲ್ಕು ಪದ ಬಂತು ಅಂದರೆ ವಿನಯ ಮುಗಿಯಿತು, ಮುಂದೆ ಬರುವುದೆಲ್ಲ ‘ನಿನಗೇನು ಗೊತ್ತು’ ಅಂತಲೇ. ಬರವಣಿಗೆಗೆ ಬಂದ ಮೇಲಂತೂ ಅದನ್ನು ಓದಿದವರ ಮೈ ಉರಿಯುತ್ತದೆ. ಇದಕ್ಕಿಂತ ‘ಸಾರ್, ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ, ಅದು ನಮ್ಮನೆ ಕಸ ಅಲ್ಲ’ ಅಂದಿದ್ದರೆ ಏನು ಕಡಿಮೆಯಾಗುತ್ತಿತ್ತು? ಸಿಟ್ಟೂ ಇದೆ, ಎದುರಿನವರಿಗೆ ಉತ್ತರ ಕೊಡಲು ಜಾಗವೂ ಇದೆ.

ನಮ್ಮ ಭಾಷೆಯಲ್ಲಿ ಬೇಜಾರನ್ನು ಅಳೆದು ತೂಗಿ ಹೇಳುವ ಅನುಕೂಲ ಎಷ್ಟಿದೆ ನೋಡಿ. ‘ಮೊನ್ನೆ ಕಳಿಸಿದ್ದೆ’ ಅಂದರೆ ಸುಮ್ನೆ ಒಂದು ಸುದ್ದಿ. ‘ಮೊನ್ನೆಯೇ ಕಳಿಸಿದ್ದೆ’ ಅಂದರೆ ಹುಬ್ಬು ಸ್ವಲ್ಪ ಮೇಲೆ ಹೋಯಿತು. ‘ಮೊನ್ನೆಯೇ ಕಳಿಸಿದ್ದೆನಲ್ಲ’ ಅಂದರೆ ಬೇಜಾರಾಗಿದೆ ಅಂತ ಗೊತ್ತಾಯಿತು. ‘ಮೊನ್ನೆಯೇ ಕಳಿಸಿದ್ದೆನಲ್ಲ ಸಾರ್, ನೋಡಲಿಲ್ವಾ?’ ಅಂದರೆ ಬೇಜಾರೂ ಇದೆ, ಪಾಪ ನೋಡಿಲ್ಲದೆಯೂ ಇರಬಹುದು ಅನ್ನುವ ಅನುಮಾನದ ಲಾಭವನ್ನೂ ಕೊಟ್ಟಂತಾಯಿತು. ಒಂದು ಅಕ್ಷರ ಸೇರಿಸಿದರೆ ಒಂದು ಮೆಟ್ಟಿಲು ಏರುತ್ತದೆ. ಹಾಗೇ ‘ಆಯ್ತು’ ಬೇರೆ, ‘ಆಯ್ತು ಬಿಡಿ’ ಬೇರೆ, ‘ಇರ್ಲಿ ಬಿಡಿ’ ಬೇರೆ, ‘ಹೋಗ್ಲಿ ಬಿಡಿ’ ಬೇರೆ. ‘ಆಯ್ತು ಬಿಡಿ’ ಅಂದವರನ್ನು ಮತ್ತೆ ಕೇಳಬಹುದು. ‘ಹೋಗ್ಲಿ ಬಿಡಿ’ ಅಂದವರ ಮನೆಗೆ ಹೋಗಿ ಮಾತಾಡಿಸಬೇಕು. ಇದನ್ನೆಲ್ಲ ಯಾರೂ ನಮಗೆ ಪಾಠ ಮಾಡಿ ಕಲಿಸಲಿಲ್ಲ, ಆದರೂ ಹತ್ತು ವರ್ಷದ ಮಗುವಿಗೂ ಗೊತ್ತು.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ, ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ. ಕನ್ನಡದಲ್ಲಿ ಬೇಜಾರು ಒಂಟಿಯಾಗಿ ಬರುವುದೇ ಅಪರೂಪ, ಅದರ ಜೊತೆ ಒಂದು ಸಂಬಂಧ ಬರುತ್ತದೆ. ರೀ, ಸಾರ್, ಮೇಡಂ, ಸ್ವಾಮಿ, ಅಣ್ಣ, ಅಕ್ಕ, ತಾಯಿ, ಅಪ್ಪಾ, ಮಾರಾಯ್ರೆ. ಧಾರವಾಡದ ಕಡೆಯವರು ‘ಯಾಕ್ರೀ, ಹಿಂಗ ಮಾಡಿದ್ರ ಹೆಂಗ್ರೀ?’ ಅನ್ನುತ್ತಾರೆ, ಒಂದೇ ಸಾಲಿನಲ್ಲಿ ಎರಡು ಸಲ ರೀ ಬಂತು. ಮಂಗಳೂರಿನವರು ‘ಎಂತ ಮಾರಾಯ್ರೆ, ಎಷ್ಟು ಸಲ ಹೇಳುವುದು?’ ಅನ್ನುತ್ತಾರೆ. ಮಂಡ್ಯದ ಕಡೆ ‘ಏನ್ ಸ್ವಾಮಿ, ಹಿಂಗ್ ಮಾಡ್ಬುಟ್ರೆ ಹೆಂಗೆ?’ ಅಂತಾರೆ. ಬೆಂಗಳೂರಿನ ಹುಡುಗರು ‘ಏನ್ ಗುರೂ ಇದು’ ಅನ್ನುತ್ತಾರೆ. ಎಲ್ಲದರಲ್ಲೂ ಗದರಿಕೆ ಇದೆ. ಎಲ್ಲದರಲ್ಲೂ ಎದುರಿನವರು ನನಗೆ ಯಾರು ಅನ್ನುವುದೂ ಇದೆ. ನನಗೆ ನಿಮ್ಮ ಮೇಲೆ ಬೇಜಾರಾಗಿದೆ, ಆದರೆ ನೀವು ನನ್ನವರೇ ಅಂತ ಆ ಒಂದು ಕರೆಯೇ ಹೇಳಿಬಿಡುತ್ತದೆ. ‘ಆ್ಯಸ್ ಪರ್ ಮೈ ಲಾಸ್ಟ್ ಮೇಲ್’ನಲ್ಲಿ ಹಾಗೆ ಕರೆಯುವವರೇ ಇಲ್ಲ. ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಸಾಲು. ಓದುವವರಿಗೂ ಹಾಗೇ ಅನ್ನಿಸುತ್ತದೆ, ಇವರ ಲೆಕ್ಕದಲ್ಲಿ ನಾನು ಯಾರೋ ಒಬ್ಬ ಅಷ್ಟೇ ಅಂತ.

ಇಂಗ್ಲಿಷ್ ಅಷ್ಟು ಬಾರದವರಿಗೆ ಇದೇ ಸಾಲುಗಳನ್ನು ಕಳಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಡಾವಣೆಯ ಗ್ರೂಪಿನಲ್ಲಿ ಮನೆಯವರು ಮಾತ್ರ ಇರುವುದಿಲ್ಲ. ನೀರು ಬಿಡುವ ವಾಟರ್‌ಮನ್ ಇರುತ್ತಾರೆ, ರಾತ್ರಿ ಕಾವಲಿನವರು ಇರುತ್ತಾರೆ, ಪ್ಲಂಬರ್ ಇರುತ್ತಾರೆ. ಶಾಲೆಯ ಗ್ರೂಪಿನಲ್ಲಿ ವ್ಯಾನ್ ಡ್ರೈವರ್ ಇರುತ್ತಾರೆ. ವಾಟರ್‌ಮನ್‌ಗೆ ಒಬ್ಬರು ‘ಹೈಲಿ ಅನ್‌ಪ್ರೊಫೆಷನಲ್. ಕೈಂಡ್ಲಿ ಡು ದಿ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್’ ಅಂತ ಬರೆದದ್ದನ್ನು ನಾನು ನೋಡಿದ್ದೇನೆ. ಆತ ‘ಓಕೆ ಸಾರ್’ ಅಂತ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಬರೆದವರಿಗೆ ಇನ್ನಷ್ಟು ಸಿಟ್ಟು ಬಂತು, ‘ಬೈದರೂ ಲೆಕ್ಕಕ್ಕೇ ತಗೊಳ್ಳಲ್ಲ ನೋಡಿ’ ಅಂತ. ಬೈದದ್ದು ಅವರಿಗೆ ತಲುಪಿದ್ದರೆ ತಾನೆ ಲೆಕ್ಕಕ್ಕೆ ತೆಗೆದುಕೊಳ್ಳುವುದು? ಅನುವಾದದ ಆ್ಯಪ್‌ಗೆ ಹಾಕಿದರೂ ಪದಗಳ ಅರ್ಥ ಬರುತ್ತದೆಯೇ ಹೊರತು ದನಿ ಬರುವುದಿಲ್ಲ. ಬೇರೆ ಯಾರೋ ಆಮೇಲೆ ‘ಅಣ್ಣಾ, ನಮ್ಮ ರಸ್ತೆಗೆ ನೀರು ಬಂದು ಮೂರು ದಿನ ಆಯ್ತು, ಯಾಕೆ ಹೀಗೆ?’ ಅಂತ ಕನ್ನಡದಲ್ಲಿ ಕೇಳಿದರು. ಮೋಟಾರು ಸುಟ್ಟಿದೆ, ರಿಪೇರಿಗೆ ಹೋಗಿದೆ, ನಾಳೆ ಸಂಜೆ ಬರುತ್ತದೆ ಅಂತ ಆತ ಅಲ್ಲೇ ಉತ್ತರ ಕೊಟ್ಟರು. ಕೇಳಬೇಕಾದ ಪ್ರಶ್ನೆ ಇದ್ದದ್ದು ಇಷ್ಟೇ.

ದುಡಿಯುವವರಿಗೆ ಅರ್ಥವಾಗದ ಭಾಷೆಯಲ್ಲಿ ಅವರನ್ನು ನಾಲ್ಕು ಜನರ ಮುಂದೆ ಗದರಿಸುವುದು ಸರಿಯಲ್ಲ. ಬೈಯುವ ಹಕ್ಕು ಇದ್ದರೆ, ಬೈಸಿಕೊಂಡವರಿಗೆ ಅದು ಗೊತ್ತಾಗುವ ಹಕ್ಕೂ ಇದೆ, ತಿರುಗಿ ‘ನನ್ನ ತಪ್ಪಲ್ಲ ಸಾರ್’ ಅನ್ನುವ ಹಕ್ಕೂ ಇದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು ದೇಶದಲ್ಲಿ ಸುಮಾರು 4.37 ಕೋಟಿ ಜನ. ಇಂಗ್ಲಿಷ್ ತಾಯ್ನುಡಿ ಅಂದವರು ಇಡೀ ದೇಶದಲ್ಲಿ ಮೂರು ಲಕ್ಷವೂ ಇಲ್ಲ. ಅಂದರೆ ಈ ಸಾಲುಗಳ ಒಳಗಿನ ಬಿಸಿ ತಂಪು ನಮ್ಮಲ್ಲಿ ಹೆಚ್ಚು ಕಡಿಮೆ ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ. ಯಾರಿಗೆ ಆಫೀಸಿನಲ್ಲಿ ಕಲಿಯುವ ಅವಕಾಶ ಸಿಕ್ಕಿತೋ ಅವರಿಗೆ ಗೊತ್ತು, ಸಿಗದವರಿಗೆ ಗೊತ್ತಿಲ್ಲ.

ಹಾಗಂತ ಹೀಗೆ ಬರೆಯುವವರೆಲ್ಲ ದೊಡ್ಡಸ್ತಿಕೆಗೆ ಬರೆಯುತ್ತಾರೆ ಅಂತ ನಾನು ಹೇಳಲಾರೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಮಗಳ ಜೊತೆ ಈ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದ್ದೇನೆ. ಅವಳ ತಂಡದಲ್ಲಿ ಬೇರೆ ರಾಜ್ಯದವರು ಇದ್ದಾರೆ, ಅಲ್ಲಿ ಇಂಗ್ಲಿಷ್ ಬೇಕೇ ಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕನ್ನಡದ ಗೆಳತಿಯರಿಗೂ ಯಾಕಮ್ಮ ಹೀಗೆ ಅಂತ ಕೇಳಿದರೆ, ‘ಅಪ್ಪಾ, ಕನ್ನಡದಲ್ಲಿ ಬರೆದರೆ ಬೈದ ಹಾಗೆ ಕೇಳಿಸುತ್ತೆ’ ಅಂದಳು. ಇನ್ನೂ ಒಂದು ಹೇಳಿದಳು. ಗಂಡಸು ಕನ್ನಡದಲ್ಲಿ ಖಾರವಾಗಿ ಬರೆದರೆ ಖಡಕ್ ಮನುಷ್ಯ ಅನ್ನುತ್ತಾರೆ, ಹೆಂಗಸು ಬರೆದರೆ ಬಾಯಿ ಜೋರು ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಬರೆದರೆ ಆ ಮಾತು ಬರುವುದಿಲ್ಲ ಅಂತ. ಇದರಲ್ಲಿ ಸತ್ಯವಿದೆ, ಅಲ್ಲಗಳೆಯಲು ನನಗೆ ಮನಸ್ಸು ಬರುವುದಿಲ್ಲ. ನೀನು ಅನ್ನಬೇಕೋ ನೀವು ಅನ್ನಬೇಕೋ ಅನ್ನುವ ಕಷ್ಟವೂ ಇದೆ. ಚಿಕ್ಕ ವಯಸ್ಸಿನ ಮೇಲಧಿಕಾರಿ ತನಗಿಂತ ಹಿರಿಯರಾದ ಸಿಬ್ಬಂದಿಗೆ ಬರೆಯುವಾಗ ಇಂಗ್ಲಿಷಿನ ‘ಯೂ’ ಹಿಂದೆ ನಿಂತುಕೊಳ್ಳುವುದು ಸುಲಭ. ವಿಜಯಪುರ, ಕಲಬುರಗಿಯಿಂದ ಬಂದ ಹುಡುಗರು ತಮ್ಮ ಕನ್ನಡದಲ್ಲಿ ಬರೆದು ಒಮ್ಮೆ ನಗೆಗೀಡಾಗಿದ್ದರೆ ಮತ್ತೆ ಆ ಕನ್ನಡಕ್ಕೆ ಕೈ ಹಾಕುವುದಿಲ್ಲ. ನಕ್ಕವರು ನಾವೇ. ಮಂಡ್ಯದ ‘ಮಾಡ್ಬುಟ್ರೆ’ಗೂ ಕಲಬುರಗಿಯ ‘ಏನ್ರಿ ಯಪ್ಪಾ’ಗೂ ನಗುವುದನ್ನು ಬಿಡದೆ, ಎಲ್ಲರೂ ಕನ್ನಡದಲ್ಲೇ ಬರೆಯಿರಿ ಅಂತ ಹೇಳಿದರೆ ಅದು ನ್ಯಾಯವಲ್ಲ.

ಆದರೆ ‘ಬೈದ ಹಾಗೆ ಕೇಳಿಸುತ್ತೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಕನ್ನಡದ ಗುಣವಲ್ಲ, ನಮಗೆ ಅಭ್ಯಾಸ ತಪ್ಪಿರುವುದರ ಫಲ. ನಾನು ಸರ್ಕಾರಿ ಕಚೇರಿಯಲ್ಲಿ ಟಪಾಲು, ಕಡತ ನೋಡಿಕೊಂಡು ನಿವೃತ್ತನಾದವನು. 1963ರ ರಾಜಭಾಷಾ ಕಾಯ್ದೆ ಬಂದ ಮೇಲೆ ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆ. ಕಚೇರಿಯ ಕನ್ನಡದಲ್ಲಿ ಕಿರಿಕಿರಿ ತೋರಿಸುವುದಕ್ಕೆ ಒಂದು ಏಣಿಯೇ ಇದೆ. ಮೊದಲು ಪತ್ರ ಹೋಗುತ್ತದೆ, ಕೊನೆಯಲ್ಲಿ ‘ಅಗತ್ಯ ಕ್ರಮಕ್ಕಾಗಿ’ ಅಂತ ಇರುತ್ತದೆ. ಉತ್ತರ ಬರಲಿಲ್ಲ ಅಂದರೆ ನೆನಪೋಲೆ. ಎಷ್ಟು ಚೆನ್ನಾದ ಪದ ನೋಡಿ, ಒಂದು ಮಾತಿನಲ್ಲಿ ಕೆಲಸ ಮುಗಿಯುತ್ತದೆ, ಜೆಂಟಲ್ ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೂ ಉತ್ತರವಿಲ್ಲದಿದ್ದರೆ ಎರಡನೆಯ ನೆನಪೋಲೆ. ಅದರಲ್ಲಿ ‘ಈಗಾಗಲೇ ಕೋರಿದ್ದಾಗ್ಯೂ ಇದುವರೆಗೆ ವರದಿ ಬಂದಿರುವುದಿಲ್ಲ’ ಅನ್ನುವ ಸಾಲು ಸೇರುತ್ತದೆ. ಆಮೇಲೆ ಮೇಲಧಿಕಾರಿ ಸ್ವತಃ ಹೆಸರು ಹಿಡಿದು ಬರೆಯುವ ಅರೆ ಸರ್ಕಾರಿ ಪತ್ರ. ‘ವಿಳಂಬಕ್ಕೆ ತಾವೇ ಹೊಣೆಗಾರರಾಗುತ್ತೀರಿ’ ಅಂತ ಬಂದರೆ ಶಾಖೆಯಲ್ಲಿ ಎಲ್ಲರೂ ಎದ್ದು ಕೂರುತ್ತಿದ್ದರು. ಕೊನೆಯ ಮೆಟ್ಟಿಲು ಕಾರಣ ಕೇಳಿ ನೋಟಿಸ್.

ಆ ಕನ್ನಡ ಒಣ ಕನ್ನಡ ಅನ್ನುವುದು ನಿಜ, ಅದನ್ನು ಮನೆಗೆ ತನ್ನಿ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ನನಗೆ ಇಷ್ಟವಾಗುವುದು ಅದರ ನೇರ. ಪತ್ರ ತಲುಪಿದವರಿಗೆ ತಾನು ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆ ಅಂತ ಗೊತ್ತಾಗುತ್ತಿತ್ತು. ತಾರೀಕು, ಪತ್ರದ ಸಂಖ್ಯೆ ಎಲ್ಲ ಉಲ್ಲೇಖದಲ್ಲಿ ಇರುತ್ತಿದ್ದವು. ‘ಸದರಿ ವರದಿಯನ್ನು ಈಗಾಗಲೇ ಸಲ್ಲಿಸಲಾಗಿದೆ’ ಅಂತ ತಾರೀಕು ಹಾಕಿ ತಿರುಗಿ ಬರೆಯುವ ದಾರಿಯೂ ತೆರೆದಿತ್ತು. ಬರೆದ ಗುಮಾಸ್ತರಿಗೂ ಓದಿದ ಗುಮಾಸ್ತರಿಗೂ ಅದೇ ಭಾಷೆ ಗೊತ್ತಿತ್ತು. ಯಾರೂ ಯಾರ ಮನಸ್ಸನ್ನೂ ಊಹಿಸುತ್ತಾ ಕೂರಬೇಕಾಗಿರಲಿಲ್ಲ.

ಇನ್ನು ನಿಮ್ಮದೇ ಅಂಗಳದ ಮಾತು. 1843ರಲ್ಲಿ ಮಂಗಳೂರ ಸಮಾಚಾರ ಹೊರಟಾಗಿನಿಂದ ಲೆಕ್ಕ ಹಾಕಿದರೆ ಕನ್ನಡ ಪತ್ರಿಕೆಗಳಿಗೆ ನೂರ ಎಂಬತ್ತು ವರ್ಷ ದಾಟಿತು. ಓದುಗರ ಪತ್ರಗಳ ಅಂಕಣದಲ್ಲಿ ನಾವು ಬೆಳೆಸಿಕೊಂಡ ಒಂದು ಸಾಲಿದೆ, ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಅಂತ. ಬೀದಿದೀಪ ಉರಿಯುತ್ತಿಲ್ಲ, ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಊರಿಗೆ ಬರುವ ಬಸ್ಸು ನಿಂತಿದೆ, ಏನೇ ಬರೆದರೂ ಕೊನೆಗೆ ಈ ಪ್ರಶ್ನೆ. ಹಳೆಯದಾಯಿತು ಅಂತ ಕೆಲವರು ಇದನ್ನು ಬಿಟ್ಟಿದ್ದಾರೆ, ನನಗಂತೂ ಅದರ ಮೇಲೆ ಪ್ರೀತಿ. ಆಜ್ಞೆ ಮಾಡುವುದಿಲ್ಲ, ಬೇಡುವುದೂ ಇಲ್ಲ. ಆರು ತಿಂಗಳಿಂದ ಕಾದಿದ್ದೇನೆ ಅಂತ ಮೇಲೆ ಹೇಳಿ, ಕೆಳಗೆ ಒಂದು ‘ವರೇ’ ಇಟ್ಟರೆ ಓದಿದ ಅಧಿಕಾರಿಗೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತದೆ. ಇಡೀ ಊರಿನ ಸಣ್ಣ ಬೇಸರಗಳನ್ನು ಮರ್ಯಾದೆಯಿಂದ, ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯಲು ಬರುವ ಜನ ನಾವು. ಪಕ್ಕದ ಮನೆಯವರಿಗೆ ಬರೆಯುವಾಗ ಮಾತ್ರ ಈ ವಿದ್ಯೆ ಎಲ್ಲಿ ಹೋಗುತ್ತದೆ?

ಟೈಪ್ ಮಾಡುವುದು ಕಷ್ಟ ಅನ್ನುವ ನೆಪ ಈಗ ನಡೆಯುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೆ. ಫೋನಿನಲ್ಲಿ ಕನ್ನಡ ಕೀಲಿಮಣೆ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಅನುಕೂಲ ಇದೆ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಅದೂ ಬೇಡವಾದರೆ ಇಂಗ್ಲಿಷ್ ಅಕ್ಷರದಲ್ಲೇ ‘ಸ್ವಲ್ಪ ನೋಡಿ ಸಾರ್, ನಾಲ್ಕು ದಿನ ಆಯ್ತು’ ಅಂತ ಬರೆಯಿರಿ, ನನಗೆ ತೊಂದರೆಯಿಲ್ಲ. ಲಿಪಿಗಿಂತ ದನಿ ಮುಖ್ಯ.

ಶಾಲೆಯಲ್ಲೂ ಒಂದು ಕೊರತೆ ಇದೆ. ಪತ್ರಲೇಖನ ಅಂದರೆ ರಜೆಯ ಅರ್ಜಿ, ತಂದೆಗೆ ಪ್ರವಾಸಕ್ಕೆ ಹಣ ಕೇಳುವ ಪತ್ರ, ನಗರಸಭೆಗೆ ಮನವಿ. ‘ಇಂತಿ ತಮ್ಮ ವಿಧೇಯ’ ಅಂತ ಮುಗಿಸುವುದನ್ನು ಕಲಿಸುತ್ತಾರೆ. ವಿಧೇಯರಾಗಿರಲು ಕಲಿತೆವು, ಸಮಾನರಾಗಿ ಬೇಸರ ಹೇಳಲು ಕಲಿಯಲಿಲ್ಲ. ಸಾಲ ತೆಗೆದುಕೊಂಡು ಹೋದ ಪುಸ್ತಕ ತಿರುಗಿ ಕೊಡದ ಗೆಳೆಯನಿಗೆ ಹೇಗೆ ಬರೆಯಬೇಕು? ರಾತ್ರಿ ಹನ್ನೊಂದರ ಮೇಲೂ ಸ್ಪೀಕರ್ ಹಾಕುವ ಪಕ್ಕದ ಮನೆಯವರಿಗೆ? ಪದೇ ಪದೇ ತಡವಾಗಿ ಬರುವ ಸಹೋದ್ಯೋಗಿಗೆ? ಇವನ್ನು ಎಂಟನೇ ಒಂಬತ್ತನೇ ತರಗತಿಯ ಮಕ್ಕಳಿಗೆ ಅಭ್ಯಾಸವಾಗಿ ಕೊಟ್ಟರೆ ಎಷ್ಟು ಚೆನ್ನಾಗಿ ಬರೆಯುತ್ತಾರೆ ಅಂತ ಒಮ್ಮೆ ಕೊಟ್ಟು ನೋಡಬೇಕು. ಆಡಳಿತದ ಕನ್ನಡಕ್ಕೆ ಪದಕೋಶಗಳು ಬಂದಿವೆ, ಸಂತೋಷ. ಈ ದಿನನಿತ್ಯದ ಬರವಣಿಗೆಗೂ ಒಂದು ಸಣ್ಣ ಕೈಪಿಡಿ ಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರದವರು ಇದನ್ನು ಕೈಗೆತ್ತಿಕೊಂಡರೆ ದೊಡ್ಡ ಉಪಕಾರವಾಗುತ್ತದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ, ಸಂಪಾದಕರೇ. ವಾರಕ್ಕೊಮ್ಮೆ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಜಾಗ ಕೊಡಿ. ಬೇಜಾರಾದಾಗ ನೀವು ಹೇಗೆ ಬರೆಯುತ್ತೀರಿ ಅಂತ ಓದುಗರನ್ನು ಕೇಳಿ. ಬಾಡಿಗೆ ಕೊಡದವರಿಗೆ ಮನೆ ಮಾಲೀಕರು ಬರೆದದ್ದು, ತೊಟ್ಟಿಕ್ಕುವ ಸೂರು ಸರಿಮಾಡಿಸದ ಮಾಲೀಕರಿಗೆ ಬಾಡಿಗೆಯವರು ಬರೆದದ್ದು, ಟೈಲರ್‌ಗೆ ಬರೆದದ್ದು, ನೆಂಟರಿಗೆ ಬರೆದದ್ದು, ಯಾವುದಾದರೂ ಸರಿ. ಬರೆದವರ ಹೆಸರು ಬೇಡ, ಊರಿನ ಹೆಸರು ಸಾಕು. ಬೀದರಿನಿಂದ ಚಾಮರಾಜನಗರದವರೆಗೆ ಯಾರೇ ಕಳಿಸಿದರೂ ಅವರ ಕನ್ನಡ ಹೇಗಿದೆಯೋ ಹಾಗೇ ಹಾಕಿ, ದಯವಿಟ್ಟು ತಿದ್ದಬೇಡಿ. ಮೊದಲ ವಾರಕ್ಕೆ ಬೇಕಾದ ನಾಲ್ಕು ಸಾಲುಗಳನ್ನು ನಮ್ಮ ಬಡಾವಣೆಯವರಿಂದಲೇ ಕೇಳಿ ಬರೆಸಿ ನಾನು ಕಳಿಸುತ್ತೇನೆ.

ನಿಮ್ಮ ಪತ್ರಿಕೆಯ ಓದುಗ,
ಹಾಸನ